ರಾತ್ರಿ ಏಳುವ ಮಗು, ನಿದ್ದೆಗೆಟ್ಟ ತಾಯಿ



ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಕಡೆಯ ಸಂಘಗಳ ಸಭೆಗೆ ಹೋದಾಗ ಉಳಿತಾಯ, ಸಾಲ ಮರುಪಾವತಿ, ಮುಂದಿನ ತರಬೇತಿ ಎಲ್ಲ ಮಾತಾಡಿ ಮುಗಿಯುತ್ತದೆ. ನಿರ್ಣಯ ಪುಸ್ತಕಕ್ಕೆ ಸಹಿಯೂ ಆಗುತ್ತದೆ. ಆಮೇಲೆ ಚಾ ಕುಡಿಯುವ ಹೊತ್ತಿಗೆ ಸಣ್ಣ ಪ್ರಾಯದ ಸದಸ್ಯೆಯೊಬ್ಬಳು ಮೆಲ್ಲ ಹತ್ತಿರ ಬಂದು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ. "ಸಿಸ್ಟರ್, ಮಗು ರಾತ್ರಿ ಮಲಗುದೇ ಇಲ್ಲ. ಎರಡು ಗಂಟೆಗೊಮ್ಮೆ ಏಳ್ತದೆ. ನನ್ನ ಹಾಲು ಸಾಕಾಗುದಿಲ್ವಾ ಎಂತ?" ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಹಿರಿಯರೊಬ್ಬರು ಉತ್ತರ ಕೊಟ್ಟಾಗಿರುತ್ತದೆ. "ರಾತ್ರಿಗೆ ಸ್ವಲ್ಪ ಡಬ್ಬಿ ಹಾಲು ಕೊಟ್ಟು ನೋಡು ಮಾರಾಯ್ತಿ, ಹೊಟ್ಟೆ ತುಂಬಿದರೆ ತನ್ನಷ್ಟಕ್ಕೇ ಮಲಗ್ತದೆ."

ಕೇಳಿದವಳಿಗೂ ಉತ್ತರ ಕೊಟ್ಟವರಿಗೂ ಮಗುವಿನ ಮೇಲೆ ಪ್ರೀತಿಯೇ. ಆದರೆ ಈ ಒಂದು ಪ್ರಶ್ನೆ, ಈ ಒಂದು ಉತ್ತರದಿಂದಲೇ ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಎದೆಹಾಲು ತಪ್ಪಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಆರು ತಿಂಗಳೊಳಗಿನ 100 ಮಕ್ಕಳಲ್ಲಿ ಸುಮಾರು 64 ಮಕ್ಕಳಿಗೆ ಮಾತ್ರ ಬರೇ ಎದೆಹಾಲು ಸಿಗುತ್ತಿತ್ತು. ಉಳಿದ ಮಕ್ಕಳಿಗೆ ನೀರೋ, ಪುಡಿ ಹಾಲೋ, ದನದ ಹಾಲೋ, ಮಣ್ಣಿಯೋ ಏನಾದರೊಂದು ಸೇರಿತ್ತು. ಹಾಗಾಗಿ ಮಗು ರಾತ್ರಿ ಯಾಕೆ ಏಳುತ್ತದೆ, ಎದ್ದಾಗ ಎಂತ ಮಾಡಬೇಕು, ನಿದ್ದೆಗೆಟ್ಟ ತಾಯಿಗೆ ಮನೆಯವರೂ ಸಂಘದವರೂ ಎಂತ ಮಾಡಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. "ಸಿಸ್ಟರಿಗೆ ಇದೆಲ್ಲ ಹೇಗೆ ಗೊತ್ತು?" ಎಂದು ನಗುವವರೂ ಇದ್ದೀರಿ. ಸ್ವಂತ ಅನುಭವ ಇಲ್ಲ, ನಿಜ. ಆದರೆ ಬಾಣಂತಿಯರ ಕೋಣೆಯ ಬಾಗಿಲಲ್ಲಿ ಕುಳಿತು ಕೇಳಿದ ಕಥೆಗಳು ಬೇಕಾದಷ್ಟಿವೆ.

ಮಗುವಿನ ಹೊಟ್ಟೆಯದ್ದು ಪಿಗ್ಮಿ ಲೆಕ್ಕ

ನಮ್ಮ ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ (2020ರಲ್ಲಿ ಅದು ಕೆನರಾ ಬ್ಯಾಂಕಿನೊಂದಿಗೆ ವಿಲೀನವಾಯಿತು) 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿದ್ದು ಹಿರಿಯ ಸದಸ್ಯೆಯರಿಗೆ ಗೊತ್ತಿದೆ. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟರು ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಒಮ್ಮೆಲೇ ನೂರು ರೂಪಾಯಿ ಇಡಲು ಆಗದವರಿಗೆ ಅದೇ ದಾರಿ. ಮಗುವಿನ ಹೊಟ್ಟೆಯ ಲೆಕ್ಕವೂ ಹಾಗೆಯೇ. ಹುಟ್ಟಿದ ಮೊದಲ ದಿನ ಒಂದು ಸಲಕ್ಕೆ ಒಂದೆರಡು ಚಮಚ ಹಾಲು ಸಾಕು. ಹೊಟ್ಟೆ ಸಣ್ಣದು, ತಾಯಿ ಹಾಲು ಬೇಗ ಜೀರ್ಣವಾಗುತ್ತದೆ, ಬೆಳವಣಿಗೆ ಮಾತ್ರ ಜೋರು. ಹಾಗಾಗಿ 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಬೇಕು. ಹನ್ನೆರಡು ಸಲ ಎಂದರೆ ಎರಡು ಗಂಟೆಗೊಮ್ಮೆ ಆಯಿತಲ್ಲವೇ? ಮಗುವಿಗೆ ಗಡಿಯಾರ ನೋಡಲು ಬರುವುದಿಲ್ಲ. ಹಗಲು ಎರಡು ಗಂಟೆಗೊಮ್ಮೆ ಎದ್ದ ಮಗು ರಾತ್ರಿಯೂ ಹಾಗೆಯೇ ಏಳುತ್ತದೆ.

ನವಜಾತ ಶಿಶು ದಿನಕ್ಕೆ ಒಟ್ಟು 14ರಿಂದ 17 ಗಂಟೆ ಮಲಗುತ್ತದೆ. ಆದರೆ ತುಂಡು ತುಂಡಾಗಿ. ಹಗಲು ಯಾವುದು, ರಾತ್ರಿ ಯಾವುದು ಎಂಬ ಲೆಕ್ಕ ದೇಹಕ್ಕೆ ಕೂಡಿಬರಲು ಎರಡು ಮೂರು ತಿಂಗಳು ಬೇಕು. ಆ ನಿದ್ದೆಯಲ್ಲಿಯೂ ಅರ್ಧದಷ್ಟು ಅಲುಗಾಡುವ ನಿದ್ದೆ. ಮಗು ಮುಖ ಕಿವುಚುತ್ತದೆ, ಮುಲುಗುತ್ತದೆ, ಕೈಕಾಲು ಆಡಿಸುತ್ತದೆ, ಒಮ್ಮೊಮ್ಮೆ ನಗುತ್ತದೆ. ದೇವರು ನಗಿಸುದು ಎಂದು ಅಜ್ಜಿಯಂದಿರು ಹೇಳುತ್ತಾರೆ. ಇದನ್ನು ಕಂಡ ಕೂಡಲೇ ಎದ್ದಿತು ಎಂದು ಎತ್ತಿಕೊಂಡರೆ ಮಲಗಿದ್ದ ಮಗುವನ್ನು ನಾವೇ ಎಬ್ಬಿಸಿದ ಹಾಗೆ. ಒಂದೆರಡು ನಿಮಿಷ ನೋಡಿ. ಬಾಯಿ ತೆರೆದು ತಲೆ ಅತ್ತಿತ್ತ ಮಾಡಿ ಹುಡುಕಲು, ಕೈ ಚೀಪಲು ಶುರುಮಾಡಿದರೆ ಅದು ಹಸಿವು. ಆಗಲೇ ಹಾಲು ಕೊಡಬೇಕು. ಅಳು ಹಸಿವಿನ ಕೊನೆಯ ಗುರುತು. ಜೋರಾಗಿ ಅತ್ತ ಮಗುವನ್ನು ಎದೆಗೆ ಹಿಡಿಸುವುದು ಕಷ್ಟ.

ಇನ್ನೊಂದು ವಿಷಯ. ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ತಾಯಿಯ ದೇಹದಲ್ಲಿ ರಾತ್ರಿ ಹೊತ್ತು ಹೆಚ್ಚಿರುತ್ತದೆ. ರಾತ್ರಿ ಮಗು ಚೀಪಿದಷ್ಟೂ ಮರುದಿನಕ್ಕೆ ಹಾಲು ಕೂಡುತ್ತದೆ. ಬಾವಿಯ ನೀರು ಸೇದಿದ ಹಾಗೆ ಒಸರು ಬರುತ್ತದಲ್ಲ, ಹಾಗೆ. ರಾತ್ರಿಯ ಹಾಲನ್ನು ತಪ್ಪಿಸಿದರೆ ಒಸರೇ ಕಡಿಮೆಯಾಗುತ್ತದೆ. "ಹಾಲು ಸಾಲುದಿಲ್ಲ" ಎಂದು ರಾತ್ರಿಗೆ ಡಬ್ಬಿ ಶುರುಮಾಡಿದ ಮನೆಯಲ್ಲಿ ಹದಿನೈದು ದಿನದಲ್ಲಿ ನಿಜವಾಗಿಯೂ ಹಾಲು ಸಾಲದೆ ಹೋಗುವುದು ಇದರಿಂದಲೇ.

ಎರಡು ಮೂರನೇ ವಾರ, ಆರನೇ ವಾರ, ಮೂರನೇ ತಿಂಗಳು, ಹೀಗೆ ಕೆಲವು ಸಮಯ ಮಗು ಇದ್ದಕ್ಕಿದ್ದ ಹಾಗೆ ಎದೆ ಬಿಡುವುದೇ ಇಲ್ಲ. ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ಗಂಟೆಗೊಮ್ಮೆ ಬೇಕೆನ್ನುತ್ತದೆ. ಬೆಳೆಯುವ ಮಗು ಹೆಚ್ಚು ಹಾಲಿಗೆ ಬೇಡಿಕೆ ಸಲ್ಲಿಸುವ ಕ್ರಮ ಇದು. ಎರಡು ಮೂರು ದಿನ ತಾಳಿದರೆ ಹಾಲು ತನ್ನಿಂತಾನೇ ಹೆಚ್ಚುತ್ತದೆ. ಡಬ್ಬಿ ಒಳಗೆ ಬರುವುದು ಹೆಚ್ಚಾಗಿ ಈ ಎರಡು ಮೂರು ದಿನಗಳಲ್ಲೇ ಎಂಬುದನ್ನು ಅತ್ತೆಯಂದಿರು, ತಾಯಂದಿರು ಗಮನಿಸಬೇಕು.

ಹಾಲು ಸಾಕೋ ಎಂದು ತಿಳಿಯುವುದು ಹೇಗೆ?

ಏಳುವುದನ್ನು ಲೆಕ್ಕ ಮಾಡಬೇಡಿ, ಒದ್ದೆ ಬಟ್ಟೆ ಲೆಕ್ಕ ಮಾಡಿ. ಮೊದಲ ವಾರ ಕಳೆದ ಮೇಲೆ ಬರೇ ಎದೆಹಾಲು ಕುಡಿಯುವ ಮಗು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡಿದರೆ ಹಾಲು ಸಾಕು. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುತ್ತದೆ, ಗಾಬರಿ ಬೇಡ. ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ನಂತರ ಮೊದಲ ತಿಂಗಳುಗಳಲ್ಲಿ ತಿಂಗಳಿಗೆ ಅರ್ಧ ಕಿಲೋವಾದರೂ ಏರಬೇಕು. ಅಂಗನವಾಡಿಯಲ್ಲಿ ತೂಕ ನೋಡಿ ತಾಯಿ ಕಾರ್ಡಿನಲ್ಲಿ ಗುರುತು ಹಾಕಿಸಿಕೊಳ್ಳಿ. ಆಶಾ ಕಾರ್ಯಕರ್ತೆ ಹೆರಿಗೆಯ ನಂತರ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕೆಂಬ ನಿಯಮ ಇದೆ. ಅವರು ಬಂದಾಗ "ಎಲ್ಲ ಒಳ್ಳೆದುಂಟು" ಎಂದು ಬಾಗಿಲಲ್ಲೇ ಕಳಿಸಬೇಡಿ. ಮಗು ಎದೆ ಹಿಡಿಯುವ ಕ್ರಮ ಸರಿ ಇದೆಯೋ ಎಂದು ಅವರ ಎದುರೇ ತೋರಿಸಿ. ಮೊಲೆತೊಟ್ಟು ಮಾತ್ರ ಬಾಯಲ್ಲಿದ್ದರೆ ಮಗುವಿಗೆ ಹಾಲು ಸಿಗುವುದಿಲ್ಲ, ತಾಯಿಗೆ ನೋವು ಬೇರೆ. ಸುತ್ತಲಿನ ಕಪ್ಪು ಭಾಗವೂ ಹೆಚ್ಚು ಬಾಯೊಳಗೆ ಹೋಗಬೇಕು. ರಾತ್ರಿ ಅಳುವ ಎಷ್ಟೋ ಮಕ್ಕಳ ತೊಂದರೆ ಇಷ್ಟರಲ್ಲೇ ಪರಿಹಾರವಾಗುತ್ತದೆ.

ಇನ್ನು ಡಬ್ಬಿಯ ಲೆಕ್ಕ. ನಾವು ಲೆಕ್ಕಪತ್ರ ಇಡುವವರಲ್ಲವೇ? ಐದು ಕಿಲೋ ತೂಕದ ಮಗುವಿಗೆ ಪೂರ್ತಿ ಪುಡಿ ಹಾಲಾದರೆ ದಿನಕ್ಕೆ ಸುಮಾರು 750 ಮಿಲಿಲೀಟರ್ ಬೇಕು. ಅದಕ್ಕೆ ಹತ್ತಿರ ಹತ್ತಿರ 100 ಗ್ರಾಂ ಪುಡಿ. 400 ಗ್ರಾಂನ ಡಬ್ಬಿ ನಾಲ್ಕು ದಿನಕ್ಕೆ ಖಾಲಿ. ತಿಂಗಳಿಗೆ ಏಳೆಂಟು ಡಬ್ಬಿ. ನಿಮ್ಮ ಪೇಟೆಯ ಮೆಡಿಕಲಿನಲ್ಲಿ ಒಂದು ಡಬ್ಬಿಗೆ ಎಷ್ಟು ಎಂದು ಕೇಳಿ, ಎಂಟರಿಂದ ಗುಣಿಸಿ, ನಿಮ್ಮ ತಿಂಗಳ ಉಳಿತಾಯದ ಪಕ್ಕದಲ್ಲಿ ಬರೆದು ನೋಡಿ. ಹಣ ಉಳಿಸಲು ಪುಡಿ ಕಡಿಮೆ, ನೀರು ಹೆಚ್ಚು ಹಾಕಿದರೆ ಮಗು ಸೊರಗುತ್ತದೆ. ಮಳೆಗಾಲದಲ್ಲಿ ಬಾಟಲಿ ಸರಿಯಾಗಿ ಕುದಿಸದಿದ್ದರೆ ವಾಂತಿ ಭೇದಿ. ಸರಕಾರ 1992ರಲ್ಲಿಯೇ ಶಿಶು ಹಾಲಿನ ಪುಡಿ ಮತ್ತು ಹಾಲೂಡಿಸುವ ಬಾಟಲಿಗಳ ಜಾಹೀರಾತನ್ನು ತಡೆಯುವ ಕಾನೂನು ಮಾಡಿ, 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದ್ದು ಸುಮ್ಮನೆ ಅಲ್ಲ. ವೈದ್ಯರೇ ಕಾರಣ ನೋಡಿ ಪುಡಿ ಹಾಲು ಬರೆದುಕೊಟ್ಟ ತಾಯಂದಿರೂ ಇದ್ದಾರೆ. ಅವರನ್ನು ಯಾರೂ ಹಂಗಿಸಬಾರದು. ನಾನು ಹೇಳುತ್ತಿರುವುದು ನಿದ್ದೆಗೋಸ್ಕರ ಶುರುಮಾಡುವ ಡಬ್ಬಿಯ ಬಗ್ಗೆ.

ಮೂರು ನಾಲ್ಕು ತಿಂಗಳಿಗೇ ರಾಗಿ ಮಣ್ಣಿ, ಬಾಳೆಕಾಯಿ ಮಣ್ಣಿ ತಿನ್ನಿಸುವುದೂ ಇದೇ ಆಸೆಯಿಂದ. ಮಣ್ಣಿ ಒಳ್ಳೆಯದು, ಆದರೆ ಆರು ತಿಂಗಳು ತುಂಬಿದ ಮೇಲೆ. ಮಣ್ಣಿ ತಿಂದ ಮಗು ರಾತ್ರಿಯಿಡೀ ಮಲಗುತ್ತದೆ ಎಂಬ ಭರವಸೆ ಏನೂ ಇಲ್ಲ. ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆರು ತಿಂಗಳಿನ 100 ಮಕ್ಕಳಲ್ಲಿ ಸುಮಾರು 38 ಮಕ್ಕಳು ಆರು ಗಂಟೆ ಒಂದೇ ಸಮನೆ ಮಲಗುತ್ತಿರಲಿಲ್ಲ. ಒಂದು ವರ್ಷವಾದಾಗಲೂ 28 ಮಕ್ಕಳು ಹಾಗೆಯೇ. ಪಕ್ಕದ ಮನೆಯ ಮಗು ರಾತ್ರಿಯಿಡೀ ಮಲಗುತ್ತದೆ ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ನೆನಪಿರಲಿ.

ರಾತ್ರಿ ಹಾಲು ಕೊಡುವ ಕ್ರಮ

ಮಗು ತಾಯಿಯ ಕೋಣೆಯಲ್ಲೇ, ಕೈಗೆ ಸಿಗುವಷ್ಟು ಹತ್ತಿರ ಇರಲಿ. ಎದ್ದಾಗ ಟ್ಯೂಬ್‌ಲೈಟ್ ಹಾಕಬೇಡಿ, ಸಣ್ಣ ಬಲ್ಬು ಸಾಕು. ಮಾತು, ಆಟ, ಕೊಂಡಾಟ ಎಲ್ಲ ಹಗಲಿಗಿರಲಿ. ಹಾಲು ಕೊಡಿ, ಬೆನ್ನು ತಟ್ಟಿ ತೇಗು ಬರಿಸಿ, ಒದ್ದೆಯಾಗಿದ್ದರೆ ಬಟ್ಟೆ ಬದಲಿಸಿ, ಮಲಗಿಸಿ. ಹಗಲು ಕಿಟಕಿ ತೆರೆದು ಬೆಳಕು ಬರಲಿ, ಪಾತ್ರೆ ಸದ್ದು ಇರಲಿ. ಬಾಣಂತಿ ಕೋಣೆಯನ್ನು ಹಗಲೂ ರಾತ್ರಿ ಕತ್ತಲೆ ಮಾಡಿ ಇಟ್ಟರೆ ಮಗುವಿಗೆ ವ್ಯತ್ಯಾಸ ತಿಳಿಯುವುದು ಹೇಗೆ?

ಕುಳಿತು ಹಾಲೂಡಿಸಿ ಸುಸ್ತಾದವರು ಮಗ್ಗುಲಾಗಿ ಮಲಗಿಯೂ ಕೊಡಬಹುದು. ಸಿಸೇರಿಯನ್ ಆದವರಿಗೆ ಇದು ಅನುಕೂಲ. ಆದರೆ ಹಾಲು ಕುಡಿದ ಮೇಲೆ ಮಗುವನ್ನು ಬೇರೆಯಾಗಿ ಬೆನ್ನ ಮೇಲೆ ಮಲಗಿಸಬೇಕು. ಕವುಚಿ ಮಲಗಿಸಬಾರದು. ಗಟ್ಟಿ ಚಾಪೆ, ತೆಳು ಬಟ್ಟೆ ಸಾಕು. ದಿಂಬು, ದಪ್ಪ ಹೊದಿಕೆ, ಗೊಂಬೆ ಹತ್ತಿರ ಬೇಡ. ತಲೆ ದುಂಡಗಾಗಲು ಸಾಸಿವೆ ದಿಂಬು ಇಡುವವರಿದ್ದಾರೆ. ನಿದ್ದೆಯಲ್ಲಿ ಅದೂ ಬೇಡ. ಎಚ್ಚರವಿದ್ದಾಗ ನಿಮ್ಮ ಎದುರು ಸ್ವಲ್ಪ ಹೊತ್ತು ಕವುಚಿ ಹಾಕಿದರೆ ತಲೆಯೂ ಸರಿಯಾಗುತ್ತದೆ, ಕುತ್ತಿಗೆಯೂ ಗಟ್ಟಿಯಾಗುತ್ತದೆ. ಸೋಫಾದಲ್ಲಿ, ಕುರ್ಚಿಯಲ್ಲಿ ಮಗುವನ್ನು ಎತ್ತಿಕೊಂಡು ನಿದ್ದೆಹೋಗುವುದು ಎಲ್ಲಕ್ಕಿಂತ ಅಪಾಯ. ಕುಡಿದು ಬಂದವರು, ಬೀಡಿ ಸಿಗರೇಟು ಸೇದುವವರು ಮಗುವಿನ ಚಾಪೆಯಲ್ಲಿ ಮಲಗಲೇಬಾರದು. ಇದನ್ನು ಹೇಳಲು ತಾಯಿಗೆ ಧೈರ್ಯ ಬಾರದಿದ್ದರೆ ಮನೆಯ ಹಿರಿಯರು ಹೇಳಬೇಕು.

ತೊಟ್ಟಿಲು, ಸೀರೆಯ ಜೋಲಿ ನಮ್ಮ ಊರಿನ ಕ್ರಮ, ಬೇಡ ಎನ್ನುವುದಿಲ್ಲ. ಹಗ್ಗ, ಕೊಕ್ಕೆ ವಾರಕ್ಕೊಮ್ಮೆ ನೋಡಿ. ಜೋಲಿಯಲ್ಲಿ ಮಗುವಿನ ಗಲ್ಲ ಎದೆಗೆ ಒತ್ತಿಕೊಂಡರೆ ಉಸಿರಾಟಕ್ಕೆ ತೊಂದರೆ. ನಿದ್ದೆ ಬಂದ ಮೇಲೆ ಎತ್ತಿ ಸಮತಟ್ಟಾದ ಜಾಗದಲ್ಲಿ ಮಲಗಿಸುವುದು ಒಳ್ಳೆಯದು.

ನಮ್ಮ ಕರಾವಳಿಯ ಸೆಕೆಯನ್ನು ಮರೆಯಬಾರದು. ಏಪ್ರಿಲ್ ಮೇ ತಿಂಗಳಲ್ಲಿ ನಾವು ಬೆವರುತ್ತಾ ಕುಳಿತು ಮಗುವಿಗೆ ಟೊಪ್ಪಿ, ಸ್ವೆಟರ್, ಕಾಲುಚೀಲ ಹಾಕಿ ಸುತ್ತಿಡುತ್ತೇವೆ. ಆ ಮಗು ಅಳದೆ ಇನ್ನೇನು ಮಾಡೀತು? ಕುತ್ತಿಗೆಯ ಹಿಂದೆ ಕೈಯಿಟ್ಟು ನೋಡಿ, ಬೆವರಿದ್ದರೆ ಒಂದು ಬಟ್ಟೆ ತೆಗೆಯಿರಿ. ಫ್ಯಾನು ಹಾಕಬಹುದು, ಗಾಳಿ ನೇರ ಮುಖಕ್ಕೆ ಬೀಳದಿದ್ದರೆ ಆಯಿತು. ಸೊಳ್ಳೆಗೆ ಕಾಯಿಲ್ ಹಚ್ಚುವ ಬದಲು ಸೊಳ್ಳೆಪರದೆ ಕಟ್ಟಿ. ಸ್ನಾನದ ನಂತರ ಸಾಂಬ್ರಾಣಿ ಹೊಗೆ ಹಾಕುವುದರಿಂದ ಮಗುವಿನ ಉಸಿರಿಗೆ ಉಪದ್ರವೇ ಹೊರತು ಉಪಯೋಗ ಇಲ್ಲ.

ಅತ್ತೂರಿನ ಹಬ್ಬಕ್ಕೋ, ಪರ್ಯಾಯಕ್ಕೋ, ನೇಮಕ್ಕೋ ಸಣ್ಣ ಮಗುವನ್ನು ಹಗಲಿಡೀ ಜನಸಂದಣಿಯಲ್ಲಿ ಕೈಯಿಂದ ಕೈಗೆ ದಾಟಿಸಿ, ರಾತ್ರಿ ಅತ್ತಾಗ ದೃಷ್ಟಿ ತಾಗಿತು ಎನ್ನುವುದುಂಟು. ಅದಕ್ಕೆ ದಣಿವಾಗಿದೆ, ಅಷ್ಟೇ. ಕತ್ತಲೆ ಕೋಣೆ, ತಾಯಿಯ ಮಡಿಲು ಸಿಕ್ಕಿದರೆ ಸಮಾಧಾನವಾಗುತ್ತದೆ. ಆರು, ಹತ್ತು, ಹದಿನಾಲ್ಕನೇ ವಾರದ ಚುಚ್ಚುಮದ್ದಿನ ರಾತ್ರಿಯೂ ಮಗು ಕಿರಿಕಿರಿ ಮಾಡುತ್ತದೆ. ನರ್ಸಮ್ಮ ಹೇಳಿದ ಪ್ರಮಾಣದಲ್ಲಿ ಜ್ವರದ ಮದ್ದು ಕೊಡಿ, ಮುಂದಿನ ಚುಚ್ಚುಮದ್ದು ತಪ್ಪಿಸಬೇಡಿ.

ಕೆಲವು ಮಕ್ಕಳು ಹಾಲು ಕುಡಿದಿದ್ದರೂ ಸಂಜೆಯಾದ ಮೇಲೆ ಕಾರಣವೇ ಇಲ್ಲದೆ ಗಂಟೆಗಟ್ಟಲೆ ಅಳುತ್ತವೆ. ಎರಡು ಮೂರನೇ ವಾರಕ್ಕೆ ಶುರುವಾಗಿ ಆರನೇ ವಾರಕ್ಕೆ ಜೋರಾಗಿ ಮೂರು ನಾಲ್ಕು ತಿಂಗಳಿಗೆ ನಿಲ್ಲುತ್ತದೆ. ಇದಕ್ಕೆ ಗ್ರೈಪ್ ವಾಟರ್, ಓಮದ ನೀರು, ಸಕ್ಕರೆ ನೀರು, ತೇಯ್ದ ಬಜೆ ಯಾವುದೂ ಬೇಡ. ಗ್ರೈಪ್ ವಾಟರ್ ಇಂಗ್ಲೆಂಡಿನಲ್ಲಿ 1850ರ ದಶಕದಲ್ಲಿ ಹುಟ್ಟಿದ್ದು. ಹಿಂದೆ ಅದರಲ್ಲಿ ಮದ್ಯಸಾರವೂ ಇತ್ತು. ಮಕ್ಕಳು ಮಲಗಿದ್ದರಲ್ಲಿ ಆಶ್ಚರ್ಯವೇನಿದೆ? ಜೇನು ಒಂದು ವರ್ಷದವರೆಗೆ ನೆಕ್ಕಿಸಲೇಬಾರದು, ಅದರಿಂದ ಬೊಟುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು. ನಿದ್ದೆ ಬರಲೆಂದು ಶೀತದ ಸಿರಪ್ಪು ಕೊಡುವ ಮನೆಗಳೂ ಇವೆ. ದಯವಿಟ್ಟು ಬೇಡ, ಅದರಿಂದ ಉಸಿರೇ ನಿಲ್ಲಬಹುದು. ಎತ್ತಿಕೊಂಡು ನಡೆಯಿರಿ, ಎದೆಗೆ ಒತ್ತಿ ಹಿಡಿಯಿರಿ, ಇನ್ನೊಬ್ಬರ ಕೈಗೆ ಕೊಡಿ. ಸಿಟ್ಟು ತಡೆಯಲಾಗದಿದ್ದರೆ ಮಗುವನ್ನು ಚಾಪೆಯಲ್ಲಿ ಮಲಗಿಸಿ ಐದು ನಿಮಿಷ ಜಗಲಿಗೆ ಬಂದು ಕುಳಿತುಕೊಳ್ಳಿ. ಸಿಟ್ಟಿನಲ್ಲಿ ಮಗುವನ್ನು ಕುಲುಕಿದರೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು.

ಬೀಡಿ ಮತ್ತು ಬ್ರಾಂದಿ

ಇದನ್ನು ಬರೆದರೆ ಕೆಲವರಿಗೆ ಬೇಸರವಾದೀತು, ಆದರೂ ಬರೆಯಬೇಕು. ಕಾರ್ಕಳ, ಕಾಪು ಕಡೆಯ ನಮ್ಮ ಎಷ್ಟೋ ಸದಸ್ಯೆಯರು ಬೀಡಿ ಕಟ್ಟಿ ಮನೆ ನಡೆಸಿದವರು. ಮಡಿಲಲ್ಲಿ ಗೆರಸೆ, ಪಕ್ಕದಲ್ಲಿ ಮಗು. ಹೊಗೆಸೊಪ್ಪಿನ ನಿಕೋಟಿನ್ ಚರ್ಮದ ಮೂಲಕವೂ ದೇಹಕ್ಕೆ ಸೇರುತ್ತದೆ, ಎದೆಹಾಲಿಗೂ ಬರುತ್ತದೆ. ಸಿಗರೇಟು ಸೇದುವ ತಾಯಂದಿರ ಹಾಲು ಕುಡಿದ ಮಕ್ಕಳ ನಿದ್ದೆ ಕಡಿಮೆಯಾಗುವುದನ್ನು ಅಧ್ಯಯನಗಳು ತೋರಿಸಿವೆ. ಬೀಡಿ ಬಿಟ್ಟರೆ ಊಟ ಹೇಗೆ ಎಂಬ ಪ್ರಶ್ನೆ ನನಗೂ ಅರ್ಥವಾಗುತ್ತದೆ. ಸಾಧ್ಯವಿದ್ದರೆ ಮೊದಲ ಆರು ತಿಂಗಳು ಕಟ್ಟಬೇಡಿ. ಕಟ್ಟಲೇಬೇಕಾದರೆ ಮಗು ಇನ್ನೊಂದು ಕೋಣೆಯಲ್ಲಿರಲಿ. ಹಾಲು ಕೊಡುವ ಮೊದಲು ಕೈ ಸಾಬೂನಿನಲ್ಲಿ ತೊಳೆದು, ಮೇಲಿನ ಬಟ್ಟೆ ಬದಲಿಸಿ. ಎಲೆಯಡಿಕೆಗೆ ಹೊಗೆಸೊಪ್ಪು ಹಾಕಿಕೊಳ್ಳುವವರಿಗೂ ಇದೇ ಮಾತು. ಎದೆಹಾಲು ನಿಲ್ಲಿಸುವುದು ಮಾತ್ರ ಪರಿಹಾರವಲ್ಲ.

ಬಾಣಂತಿಗೆ ಬ್ರಾಂದಿ ಕೊಡುವ ರೂಢಿ ನಮ್ಮ ಕ್ರೈಸ್ತ ಮನೆಗಳಲ್ಲೂ ಇದೆ, ಬೇರೆ ಮನೆಗಳಲ್ಲೂ ಇದೆ. ಮೈಗೆ ಬಿಸಿ, ಹಾಲಿಗೆ ಒಳ್ಳೆಯದು ಎನ್ನುತ್ತಾರೆ. ಆದರೆ ಮದ್ಯ ಎದೆಹಾಲಿಗೆ ಬರುತ್ತದೆ, ಹಾಲು ಇಳಿಯುವುದು ಕಡಿಮೆಯಾಗುತ್ತದೆ, ಮಗುವಿನ ನಿದ್ದೆ ಕೆಡುತ್ತದೆ. ಕುಡಿದು ಗಾಢವಾಗಿ ಮಲಗಿದ ತಾಯಿಗೆ ಪಕ್ಕದ ಮಗುವಿನ ಅರಿವೂ ಇರುವುದಿಲ್ಲ. ಪೆದ್ಮೆದಿ ಮದ್ದು, ಮೆಂತೆ ಗಂಜಿ, ಮೀನು, ಬಸಳೆ, ನುಗ್ಗೆಸೊಪ್ಪು ಇವನ್ನು ಉಳಿಸಿಕೊಳ್ಳೋಣ, ಬ್ರಾಂದಿಯನ್ನು ಬಿಡೋಣ. ಮದ್ದಿಗೆ ಬ್ರಾಂದಿ ಬೆರೆಸುವ ಕ್ರಮವಿದ್ದರೆ ಅದನ್ನೂ ಬಿಡಬೇಕು. "ಬಾಣಂತಿಗೆ ನೀರು ಕೊಡಬಾರದು" ಎಂಬ ಕಟ್ಟಳೆಯನ್ನೂ ಬಿಡೋಣ. ಹಾಲೂಡಿಸುವವಳಿಗೆ ಬಾಯಾರಿಕೆ ಹೆಚ್ಚು. ರಾತ್ರಿ ತಲೆದೆಸೆಯಲ್ಲಿ ಒಂದು ಚೆಂಬು ನೀರು ಇರಲಿ.

ಮಲಗಿಯೇ ಇರುವ "ಪಾಪದ ಮಗು"

ಏಳುವ ಮಗುವಿನ ಬಗ್ಗೆ ಎಲ್ಲರೂ ಚಿಂತೆ ಮಾಡುತ್ತಾರೆ. ನನಗೆ ಹೆಚ್ಚು ಭಯ ಏಳದ ಮಗುವಿನ ಬಗ್ಗೆ. "ಪಾಪದ ಮಗು, ಅಳುದೇ ಇಲ್ಲ, ಮಲಗಿಸಿದಲ್ಲೇ ಉಂಟು" ಎಂದು ಹೊಗಳುವ ಮೊದಲು ನೋಡಿ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗು, ಅವಧಿಗೆ ಮೊದಲು ಹುಟ್ಟಿದ ಮಗು, ಕಾಮಾಲೆ ಇರುವ ಮಗು ಶಕ್ತಿಯಿಲ್ಲದೆ ಮಲಗಿರಬಹುದು. ಇಂಥ ಮಗುವನ್ನು ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸಹ, ಅಂಗಾಲು ಉಜ್ಜಿ, ಹೊದಿಕೆ ತೆಗೆದು, ಎಬ್ಬಿಸಿ ಹಾಲು ಕೊಡಬೇಕು. ಚೀಪಲು ಆಗದಿದ್ದರೆ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಬೇಕು.

ಹಾಲು ಪೂರ್ತಿ ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಮೈ ತಣ್ಣಗಾದರೆ ಅಥವಾ ಜ್ವರ 37.5 ಡಿಗ್ರಿ ಸೆಲ್ಸಿಯಸ್ (99.5 ಫ್ಯಾರನ್‌ಹೀಟ್) ಮುಟ್ಟಿದರೆ, ಉಸಿರು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಎದೆ ಒಳಗೆ ಎಳೆದರೆ, ಫಿಟ್ಸ್ ಬಂದರೆ, ಅಂಗೈ ಅಂಗಾಲು ಹಳದಿಯಾದರೆ ಬೆಳಗಾಗುವವರೆಗೆ ಕಾಯಬೇಡಿ, ನೂಲು ಕಟ್ಟಿಸಲು ಹೋಗಬೇಡಿ. 108ಕ್ಕೆ ಫೋನ್ ಮಾಡಿ. ಕಾರ್ಕಳದ ತಾಲೂಕು ಆಸ್ಪತ್ರೆ, ಉಡುಪಿಯ ಸರಕಾರಿ ಮಹಿಳೆಯರ ಮತ್ತು ಮಕ್ಕಳ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಸ್ವಿಟ್ಜರ್ಲೆಂಡಿನ ಡಾ. ಇವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಆರಂಭಿಸಿದ ಮಿಶನ್ ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಗೆ ಹೋಗಿ.

ತಾಯಿಯ ನಿದ್ದೆ ಯಾರ ಕೆಲಸ?

ಮಗುವಿನ ರಾತ್ರಿಯನ್ನು ನಾವು ಬದಲಿಸಲಾರೆವು. ತಾಯಿಯ ಹಗಲನ್ನು ಬದಲಿಸಬಹುದು. ರಾತ್ರಿ ನಾಲ್ಕು ಸಲ ಎದ್ದವಳು ಬೆಳಿಗ್ಗೆ ಆರಕ್ಕೆ ಒಲೆಯ ಮುಂದೆ ನಿಲ್ಲಬೇಕಾದರೆ ಅವಳು ಹಾಲು ಕೊಡುವುದು ಎಲ್ಲಿಂದ? ತವರುಮನೆಯಲ್ಲಿ ಎರಡು ಮೂರು ತಿಂಗಳು ಆರೈಕೆ ನಡೆಯುತ್ತದೆ. ಗಂಡನ ಮನೆಗೆ ಬಂದ ಮರುದಿನದಿಂದ ಬಟ್ಟೆ, ಪಾತ್ರೆ, ದನದ ಕೆಲಸ ಎಲ್ಲ ಶುರು. ಮಗು ಮಾತ್ರ ಇನ್ನೂ ರಾತ್ರಿ ಏಳುತ್ತಲೇ ಇರುತ್ತದೆ. ಕಷ್ಟ ಹೆಚ್ಚುವುದು ಆಗಲೇ. ಹಾಲು ಕೊಡುವುದೊಂದು ತಾಯಿಯ ಕೆಲಸ. ತೇಗು ಬರಿಸುವುದು, ಬಟ್ಟೆ ಬದಲಿಸುವುದು, ತೂಗುವುದು, ಸ್ನಾನ ಮಾಡಿಸುವುದು ಗಂಡನೂ ಮಾಡಬಹುದು, ಅತ್ತೆ ಮಾವನೂ ಮಾಡಬಹುದು. ಮಧ್ಯಾಹ್ನ ಮಗು ಮಲಗಿದಾಗ ತಾಯಿಯೂ ಮಲಗಬೇಕು. ಆಗ ಬೀಡಿ ಎಲೆ ಕತ್ತರಿಸಲು ಕೂರಿಸಬಾರದು.

ಗಂಡ ಗಲ್ಫಿನಲ್ಲಿ ಇರುವ ಮನೆಗಳು ನಮ್ಮಲ್ಲಿ ಬಹಳ. ಅಲ್ಲಿ ಕೆಲಸ ಮುಗಿಸಿ ಊಟವಾಗಿ ಹತ್ತು ಗಂಟೆಗೆ ವೀಡಿಯೋ ಕರೆ ಮಾಡುತ್ತಾರೆ. ದುಬೈಯಲ್ಲಿ ಹತ್ತಾದಾಗ ಇಲ್ಲಿ ಹನ್ನೊಂದೂವರೆ. ಕುವೈತ್, ಸೌದಿಯಲ್ಲಿ ಹತ್ತಾದಾಗ ಇಲ್ಲಿ ಹನ್ನೆರಡೂವರೆ. "ಮಗುವಿನ ಮುಖ ತೋರಿಸು" ಎಂದಾಗ ಮಲಗಿದ ಮಗುವಿನ ಮುಖಕ್ಕೆ ಬೆಳಕು, ತಾಯಿಗೆ ಒಂದು ನಿದ್ದೆ ನಷ್ಟ. ಅವರ ಆಸೆಯೂ ಸಹಜವೇ. ಬೆಳಿಗ್ಗೆ ಅವರು ಕೆಲಸಕ್ಕೆ ಹೊರಡುವ ಮೊದಲು, ಇಲ್ಲಿ ಮಗುವಿನ ಸ್ನಾನದ ಹೊತ್ತಿಗೆ ಕರೆ ಮಾಡಲಿ. ನಗುವ ಮಗುವನ್ನು ನೋಡಬಹುದು.

ಗೇರುಬೀಜ ಕಾರ್ಖಾನೆಗೋ ಅಂಗಡಿಗೋ ಮರಳಿ ಹೋಗುವವರು ಹಾಲನ್ನು ಶುದ್ಧ ಸ್ಟೀಲ್ ಪಾತ್ರೆಗೆ ಹಿಂಡಿ ಮುಚ್ಚಿಟ್ಟು ಹೋಗಬಹುದು. ನಮ್ಮ ಸೆಕೆಯಲ್ಲಿ ಹೊರಗೆ 4 ಗಂಟೆಗಿಂತ ಹೆಚ್ಚು ಇಡಬೇಡಿ, ಫ್ರಿಜ್ಜಿನಲ್ಲಿ 24 ಗಂಟೆ ಇಡಬಹುದು. ಕುದಿಸಬಾರದು, ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ ಒಳಲೆಯಲ್ಲಿ ಕೊಡಬೇಕು.

ಮನಸ್ಸಿನ ವಿಷಯವನ್ನೂ ಹೇಳಬೇಕು. ಹೆರಿಗೆಯಾದ ಮೊದಲ ಹತ್ತು ಹದಿನೈದು ದಿನ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ, ಹೋಗುತ್ತದೆ. ಎರಡು ವಾರ ಕಳೆದರೂ ಬೇಸರ ಬಿಡದಿದ್ದರೆ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ಮಗುವನ್ನು ಎತ್ತಿಕೊಳ್ಳಲು ಮನಸ್ಸಿಲ್ಲದಿದ್ದರೆ, ಸಾಯುವ ಮಾತಾಡಿದರೆ ಅದು ಕಾಯಿಲೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಲೆಕ್ಕದಂತೆ ಭಾರತದಲ್ಲಿ ಹೆರಿಗೆಯಾದ 100 ತಾಯಂದಿರಲ್ಲಿ ಸುಮಾರು 22 ಮಂದಿಗೆ ಈ ಖಿನ್ನತೆ ಇರುತ್ತದೆ. ಇಪ್ಪತ್ತು ಜನರ ಒಂದು ಸಂಘದಲ್ಲಿ ಎಷ್ಟಾಯಿತು ಎಂದು ನೀವೇ ಲೆಕ್ಕ ಹಾಕಿ. ಅಹಂಕಾರ, ಸೋಮಾರಿತನ, ಗಾಳಿ ಎಂದು ಹೆಸರಿಟ್ಟು ಕೂರಬೇಡಿ. ಇದಕ್ಕೆ ಚಿಕಿತ್ಸೆ ಇದೆ, ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳೂ ಇವೆ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ, ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೆ ಸೇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ 2009ರಲ್ಲಿ ಶುರುವಾಯಿತು. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿಗೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗುವಿನೊಂದಿಗೆ ಎದ್ದು ಕುಳಿತ ರಾತ್ರಿ ಎರಡು ಗಂಟೆಗೂ ಆದೀತು.

ಸಂಘದಿಂದ ಎಂತ ಮಾಡಬಹುದು? ಮುಂದಿನ ಸಭೆಯಲ್ಲಿ ಒಂದು ನಿರ್ಣಯ ಮಾಡಿ. ಹೆರಿಗೆಯಾದ ಸದಸ್ಯೆಗೆ ಆರು ತಿಂಗಳು ಗೈರುಹಾಜರಿಯ ದಂಡ ಬೇಡ. ಬಾಣಂತಿಗೆ ದಂಡ ಹಾಕುವ ಸಂಘಗಳನ್ನು ನೋಡಿದ್ದೇನೆ, ನಿಯಮ ನಿಯಮವೇ ಎನ್ನುತ್ತಾರೆ. ನಿಯಮ ಮಾಡಿದವರು ನಾವೇ ಅಲ್ಲವೇ, ತಿದ್ದಬಹುದು. ಅವಳು ಗಂಡನ ಮನೆಗೆ ಬಂದ ಮೊದಲ ತಿಂಗಳು ಹತ್ತಿರದ ನಾಲ್ಕು ಮನೆಯವರು ಸರದಿಯಲ್ಲಿ ಒಂದು ಹೊತ್ತಿನ ಗಂಜಿ, ಪದಾರ್ಥ ಮುಟ್ಟಿಸಿ. ಅವಳ ಉಳಿತಾಯದ ಹಣವನ್ನು ಯಾರಾದರೊಬ್ಬರು ಮಧ್ಯಾಹ್ನ ಮನೆಗೆ ಹೋಗಿ ತನ್ನಿ. ಹೋದಾಗ ಮಗು ಮಲಗಿದ್ದರೆ ನೋಡಬೇಕೆಂದು ಎಬ್ಬಿಸಬೇಡಿ. ತಾಯಿಯೂ ಮಲಗಿದ್ದರೆ ಅವಳನ್ನು ಕರೆಯದೆ ಅಡುಗೆಮನೆಯ ಪಾತ್ರೆ ತೊಳೆದಿಟ್ಟು ಬನ್ನಿ, ಹಣ ನಾಳೆ ತಂದರಾಯಿತು.